ತುಕ್ಕು ಉಸಿರಾಡುವವರು

ಕಮಾನು ಬಾವಿಯ ನೀರನ್ನು ನಾನು ಬಿಟ್ಟದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ, ಪುರಸಭೆಯ ನೀರು ಪರೀಕ್ಷೆಯ ಕೆಲಸ ಸಿಕ್ಕ ದಿನ. ನಮ್ಮೂರಿನಲ್ಲಿ ಏಳು ಬಾವಿಗಳಿವೆ. ಒಂದು ಬಾವಿಯ ನೀರು ಕುಡಿಯುವವರಿಗೆಲ್ಲ ಒಂದೇ ಕನಸು ಬೀಳುತ್ತದೆ, ಕನಸಿನಲ್ಲಿ ಅವರೆಲ್ಲ ಒಟ್ಟಿಗೆ ಇರುತ್ತಾರೆ. ಹಾಗಾಗಿ ನೀರು ನೋಡುವವರು ಯಾವ ಬಾವಿಗೂ ಸೇರಿರಬಾರದು ಎಂಬುದು ಹಳೆಯ ನಿಯಮ. ನನಗಿಂತ ಮುಂಚೆ ಆ ಕೆಲಸದಲ್ಲಿದ್ದ ಹಿರಿಯರು ಬೀಗದ ಕೈ ಕೊಡುತ್ತಾ, "ಮೊದಲ ಆರು ತಿಂಗಳು ಕಷ್ಟ ದಮಯಂತಿ. ಆಮೇಲೆ ಒಬ್ಬಳೇ ನಿದ್ದೆ ಮಾಡೋದು ರೂಢಿಯಾಗುತ್ತೆ" ಅಂದಿದ್ದರು. ಕಚೇರಿಯ ತಾರಸಿಯ ಮೇಲೆ ಮಳೆನೀರಿನ ತೊಟ್ಟಿಯೊಂದಿದೆ. ಹದಿನೇಳು ವರ್ಷದಿಂದ ನಾನು ಅದರ ನೀರು ಕುಡಿದು, ಅಲ್ಲೇ ಹಿಂದಿನ ಎರಡು ಕೋಣೆಗಳಲ್ಲಿ ಬದುಕಿದ್ದೇನೆ. ಮಳೆನೀರಿನ ನಿದ್ದೆ ಬಿಳಿಯ ಗೋಡೆಯ ಹಾಗೆ. ಅದರಲ್ಲಿ ಯಾರೂ ಇರುವುದಿಲ್ಲ.

ಬೇರೆ ಊರಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅದು ಬೀದಿಯ ಹಾಗೆ, ಅಂಗಳದ ಹಾಗೆ. ಮದುವೆಯಾಗಿ ಬಂದ ಸೊಸೆ ಗಂಡನ ಬಾವಿಯ ನೀರು ಕುಡಿದು ಮೊದಲ ಕೆಲವು ವಾರ ಕನಸಿನ ಅಂಚಿನಲ್ಲಿ ಸೆರಗು ಹಿಡಿದುಕೊಂಡು ನಿಂತಿರುತ್ತಾಳೆ. ಯಾರಾದರೂ ಕರೆದು ಕೂರಿಸಬೇಕು. ಬೆಳಗ್ಗೆ ಬಾವಿಕಟ್ಟೆಯಲ್ಲಿ ಯಾರೂ ಕನಸು ಹೇಳಿಕೊಳ್ಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದಲ್ಲ. ನಿನ್ನೆ ಯಾಕೆ ಅಷ್ಟು ಬೇಗ ಎದ್ದು ಹೋದೆ, ಆ ಹಳದಿ ಬಾಗಿಲು ಯಾರ ಮನೆಯದು, ಇಂಥ ಮಾತುಗಳನ್ನಷ್ಟೇ ಆಡುತ್ತಾರೆ. ಜಗಳವಾದವರು ಬೇರೆ ಬಾವಿಗೆ ಹೋಗುತ್ತಾರೆ. ಸಿಟ್ಟು ಇಳಿದಾಗ ಕೊಡ ಹಿಡಿದು ವಾಪಸ್ಸು ಬರುತ್ತಾರೆ.

ಕಮಾನು ಬಾವಿಗೆ ಹದಿನಾರು ಮನೆಗಳು. ಕೆಂಪು ಮಣ್ಣಿನ ದಿಬ್ಬದ ಬುಡದಲ್ಲಿ, ಕಲ್ಲಿನ ಕಮಾನಿನ ಕೆಳಗೆ ಮೂವತ್ತಾರು ಮೆಟ್ಟಿಲು ಇಳಿದರೆ ನೀರು. ಆ ಹದಿನಾರರಲ್ಲಿ ಒಂದು ಅನಸಕ್ಕನ ಮನೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕಸುಬು. ಗಂಡ ಬಹಳ ಹಿಂದೆಯೇ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಅವಳ ಮಗಳು ರೇಣು ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಮೂರು ದಿನದಲ್ಲಿ ತೀರಿಹೋದಳು. ಈ ಕಥೆ ಶುರುವಾದಾಗ ಅದಾಗಿ ಹನ್ನೊಂದು ವರ್ಷ. ತೀರಿಹೋದ ಮೂರನೇ ತಿಂಗಳಿಗೆ ಅವಳು ಕಮಾನು ಬಾವಿಯ ಕನಸಿನಲ್ಲಿ ಬಂದು ಕಟ್ಟೆಯ ಮೇಲೆ ಕೂತಳಂತೆ. ಹದಿನಾರು ಮನೆಯವರೂ ಒಂದೇ ಗಳಿಗೆಗೆ ಬೆಚ್ಚಿ ಎದ್ದರಂತೆ. ಒಂದು ವಾರ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಆಮೇಲೆ ಒಗ್ಗಿಹೋಯಿತು. ಸತ್ತವರಲ್ಲಿ ಬೇರೆ ಯಾರೂ ಹಾಗೆ ಬಂದವರಿಲ್ಲ. ಅವಳೊಬ್ಬಳೇ ಯಾಕೆ ಎಂದು ಯಾರೂ ಕೇಳಲಿಲ್ಲ.

ರೇಣು ಕನಸಿನಲ್ಲಿ ಬೆಳೆದಳು. ಹಲ್ಲು ಬಿದ್ದು ಬೇರೆ ಹಲ್ಲು ಬಂತು. ನಾಲ್ಕನೇ ಮನೆಯ ಪಂಪಣ್ಣ ಮೇಷ್ಟ್ರು ಅವಳಿಗೆ ಅಲ್ಲೇ ಮಗ್ಗಿ ಕಲಿಸಿದರು. "ಹುಡುಗಿ ಜಾಣೆ, ಏಳರ ಮಗ್ಗಿಯಲ್ಲಿ ಮಾತ್ರ ಇನ್ನೂ ತಡವರಿಸ್ತಾಳೆ" ಎಂದು ನನ್ನ ಕಚೇರಿಗೆ ಬಂದಾಗ ಹೇಳುತ್ತಿದ್ದರು. ಮಳೆಗಾಲದಲ್ಲಿ ಹೆಂಗಸರು ಅವಳಿಗೆ ತಲೆ ಒರೆಸಿಕೊಳ್ಳೇ ಎಂದು ಗದರುತ್ತಿದ್ದರು. ಅವಳು ಸತ್ತಾಗ ನಾನು ಆಗಲೇ ಬಾವಿ ಬಿಟ್ಟಿದ್ದೆ. ಹಾಗಾಗಿ ನನ್ನ ನೆನಪಿನಲ್ಲಿ ಅವಳಿನ್ನೂ ನಾಲ್ಕು ವರ್ಷದವಳು. ಊರಿನ ಒಂದು ಬೀದಿಗೆಲ್ಲ ಗೊತ್ತಿರುವ ಹದಿನೈದರ ಹುಡುಗಿಯನ್ನು ನಾನು ನೋಡಿಯೇ ಇರಲಿಲ್ಲ.

ನನಗೊಬ್ಬ ಅಣ್ಣ, ವಿರೂಪಾಕ್ಷ. ನಾವು ಹುಟ್ಟಿದ ಅದೇ ಬಾವಿಯ ಮನೆಯಲ್ಲಿ ಹೆಂಡತಿ ನೀಲಮ್ಮನ ಜೊತೆ ಇದ್ದಾನೆ. ದಿಬ್ಬದ ಮೇಲಿನ ಸಹಕಾರ ಸಂಘದ ಪೆಟ್ರೋಲ್ ಬಂಕು ಅವನ ಉಸ್ತುವಾರಿಯಲ್ಲಿತ್ತು. ಅದೊಂದು ವರ್ಷ ಬೇಸಿಗೆಯ ಆರಂಭದಲ್ಲಿ ಒಂದು ಸಂಜೆ ಅವನು ಖಾಲಿ ಕ್ಯಾನು ಹಿಡಿದು ನನ್ನ ತಾರಸಿಗೆ ಬಂದ. ಹೊಟ್ಟೆ ಸರಿಯಿಲ್ಲ, ಡಾಕ್ಟರು ಸ್ವಲ್ಪ ದಿನ ಮಳೆನೀರು ಕುಡಿ ಅಂದಿದ್ದಾರೆ ಎಂದ. ನಾನು ತುಂಬಿಸಿಕೊಟ್ಟೆ. ಮರುದಿನವೂ ಬಂದ. ಆಮೇಲೆ ದಿನವೂ ಬಂದ. ಕ್ಯಾನು ತುಂಬುವಷ್ಟು ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದೆವು. ಅವನು ಬಿಸಿ ಮಂಡಕ್ಕಿ ತರುತ್ತಿದ್ದ. ಅಣ್ಣ ತಂಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಬಾವಿ ಬಿಟ್ಟ ಮೇಲೆ ಅವನು ನನ್ನ ಪಾಲಿಗೆ ಹಗಲಿನ ಮನುಷ್ಯನಾಗಿದ್ದ, ಉಳಿದವರಂತೆ. ಈಗ ಅವನಿಗೂ ನನ್ನ ಹಾಗೆಯೇ ಖಾಲಿ ನಿದ್ದೆ. ಹನ್ನೊಂದು ತಿಂಗಳು ಹೀಗೆ ನಡೆಯಿತು. ನಾನು ಆ ಹನ್ನೊಂದು ತಿಂಗಳೂ ತುಂಬಾ ಸಂತೋಷವಾಗಿದ್ದೆ. ಇದನ್ನು ಬರೆಯದೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ.

ಮರುವರ್ಷ ಮಾಘದ ಒಂದು ಬೆಳಗ್ಗೆ ಅನಸಕ್ಕ ಕಚೇರಿಗೆ ಬಂದಳು. ಕೈಯಲ್ಲಿ ಬಟ್ಟೆತುಂಡು ಮುಚ್ಚಿದ ತಂಬಿಗೆ.

"ರೇಣು ಕೆಮ್ಮುತ್ತಾಳೆ" ಅಂದಳು.

"ಎಷ್ಟು ದಿನದಿಂದ?"

"ಒಂದು ವಾರ ಆಯ್ತು. ಅಲ್ಲಿ ನೆಲ ಎಲ್ಲ ನವಿಲುಗರಿ ಥರ ಮಿಂಚುತ್ತೆ. ಕಾಲಿಟ್ಟರೆ ಜಾರುತ್ತೆ. ಮೇಷ್ಟ್ರು ಎರಡು ಸಲ ಬಿದ್ದರು."

"ನೀರಿಗೆ ವಾಸನೆ ಏನಾದರೂ ಇದೆಯಾ?"

"ನೀರಿಗಿಲ್ಲ. ಕನಸಿಗಿದೆ."

ನಾನು ಮೂರು ತಿಂಗಳಿಗೊಮ್ಮೆ ಏಳೂ ಬಾವಿಗಳ ನೀರನ್ನು ನೋಡುತ್ತಿದ್ದೆ. ಗಡಸುತನ, ಉಪ್ಪು, ಫ್ಲೋರೈಡು, ಕಾಯಿಲೆಯ ಸೂಕ್ಷ್ಮಜೀವಿ, ಇಷ್ಟೇ. ಇಂಧನವನ್ನು ಹುಡುಕುವುದು ನನಗೆ ಹೊಳೆದಿರಲಿಲ್ಲ. ಆವತ್ತು ತಂಬಿಗೆಯ ನೀರನ್ನು ಬೇರೆ ಯಂತ್ರಕ್ಕೆ ಹಾಕಿದೆ. ಹಳೆಯ ಯಂತ್ರ, ಕಾಗದದ ಮೇಲೆ ಗೆರೆ ಎಳೆಯುತ್ತದೆ. ನೀರು ಚೆನ್ನಾಗಿದ್ದರೆ ಗೆರೆ ಮಲಗಿರುತ್ತದೆ. ಅದು ಎದ್ದು ನಿಂತಿತು. ಬೆಂಜೀನು, ಪೆಟ್ರೋಲಿನಲ್ಲಿ ಇರುವಂಥದು, ಇರಬಹುದಾದ ಮಿತಿಗಿಂತ ಅರವತ್ತು ಪಟ್ಟು. ಅದನ್ನು ಕುಡಿಯುತ್ತಾ ಹೋದರೆ ಮೂಳೆಯೊಳಗೆ ರಕ್ತ ಹುಟ್ಟುವ ಜಾಗವೇ ಹಾಳಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಾವಿಯ ಬಾಯಿಗೂ ಮೆಟ್ಟಿಲಿನ ಕಮಾನಿಗೂ ಕಬ್ಬಿಣದ ಬಲೆ ಬಿಗಿಸಿ ಬೀಗ ಹಾಕಿಸಿದೆ.

ಸಂಜೆ ಅಣ್ಣ ಕ್ಯಾನು ಹಿಡಿದು ತಾರಸಿಗೆ ಬಂದ. ನಾನು ಕ್ಯಾನನ್ನೇ ನೋಡಿದೆ. ಅವನು ಮಂಡಕ್ಕಿಯ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ನಿಂತೇ ಇದ್ದ.

"ನಿನಗೆ ಹೊಟ್ಟೆನೋವು ಇರಲೇ ಇಲ್ಲ" ಅಂದೆ.

"ಇಲ್ಲ."

"ಬಂಕಿನ ಟ್ಯಾಂಕು ಸೋರುತ್ತಿದೆ ಅಂತ ನಿನಗೆ ಹನ್ನೊಂದು ತಿಂಗಳಿಂದ ಗೊತ್ತು."

ಅವನು ಕೂತ. "ಟ್ಯಾಂಕಿಗೆ ಅಳತೆಗೋಲು ಇಳಿಸಿದಾಗ ಪೆಟ್ರೋಲು ನಾಲ್ಕು ಬೆರಳು ಕಡಿಮೆ ಬಂತು. ಕೋಲೇ ಸರಿಯಿಲ್ಲ ಅಂದುಕೊಂಡೆ. ಮೊದಲ ದಿನ ಹೇಳಲಿಲ್ಲ. ಎರಡನೇ ದಿನ, ಮೊದಲ ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ ಅಂತ ಹೇಳಲಿಲ್ಲ. ಆಮೇಲೆ ದಿನಾ ಅದೇ ಆಯ್ತು."

"ನೀರು ಯಾಕೆ ಬಿಟ್ಟೆ?"

"ಕನಸಿನಲ್ಲಿ ಮುಖ ಮುಚ್ಚಿಕೊಳ್ಳೋಕೆ ಆಗಲ್ಲ ದಮಯಂತಿ. ನಿನಗೆ ಮರೆತುಹೋಗಿರಬೇಕು. ಅಲ್ಲಿ ಎಲ್ಲರಿಗೂ ಎಲ್ಲ ಕಾಣುತ್ತೆ."

"ನೀಲಮ್ಮ ಕುಡಿಯುತ್ತಿದ್ದಳಲ್ಲ."

ಅವನು ಖಾಲಿ ಕ್ಯಾನನ್ನು ಪಕ್ಕಕ್ಕೆ ಸರಿಸಿದ. ಅವನ ಮುಖವನ್ನು ನೋಡಲು ನನಗೆ ಆಗಲಿಲ್ಲ. ಅವನ ಮೇಲಿನ ಸಿಟ್ಟಿಗಿಂತ, ಅವನು ದಿನಾ ಬರುತ್ತಿದ್ದುದು ನನಗಾಗಿ ಅಲ್ಲ ಎಂಬುದೇ ಆ ಕ್ಷಣಕ್ಕೆ ಹೆಚ್ಚು ಚುಚ್ಚಿತು. ಹಾಗೆ ಚುಚ್ಚಿದ್ದಕ್ಕೆ ಆಮೇಲೆ ನಾಚಿಕೆಪಟ್ಟೆ. "ನಾಳೆ ನಾನು ವರದಿ ಬರೀತೀನಿ. ಅದಕ್ಕೆ ಮುಂಚೆ ನೀನೇ ಬಾವಿಯ ಹತ್ತಿರ ಹೋಗಿ ಹೇಳು" ಅಂದೆ.

ಅವನು ಹೇಳಿದ. ಮರುದಿನ ಬೆಳಗ್ಗೆ ಬೀಗ ಹಾಕಿದ ಬಲೆಯ ಮುಂದೆ ನಿಂತು, ಹದಿನಾರು ಮನೆಯವರು ಟ್ಯಾಂಕರಿನ ನೀರಿಗೆ ಸಾಲು ನಿಂತಿದ್ದಾಗ, ನನಗೆ ಹೇಳಿದ ಮಾತುಗಳನ್ನೇ ಅದೇ ಕ್ರಮದಲ್ಲಿ ಹೇಳಿದ. ಯಾರೂ ಅವನ ಮೇಲೆ ಕೈ ಎತ್ತಲಿಲ್ಲ. ಪಂಪಣ್ಣ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೀಲಮ್ಮ ತನ್ನ ಕೊಡ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅನಸಕ್ಕ ಮಾತ್ರ ಅವನ ಹತ್ತಿರ ಬಂದು, "ಅವಳು ಕೆಮ್ಮುತ್ತಿದ್ದದ್ದು ಇದಕ್ಕಾ?" ಎಂದು ಕೇಳಿದಳು. ಅವನು ಹೌದು ಅಂದ. ಅವಳು ತಲೆಯಾಡಿಸಿ ಸಾಲಿಗೆ ಮರಳಿದಳು. ಸಂಘದವರು ಅವನನ್ನು ಕೆಲಸದಿಂದ ತೆಗೆದರು. ಟ್ಯಾಂಕನ್ನು ಅಗೆದು ಎತ್ತಿದಾಗ ಅದರ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ತೂತಿತ್ತು. ಆದರೆ ಭೂಮಿಗೆ ಇಳಿದದ್ದು ಇಳಿದಾಗಿತ್ತು. ಅದು ದಿಬ್ಬದೊಳಗೆ ನಿಧಾನವಾಗಿ ಬಾವಿಯ ಕಡೆಗೆ ನಡೆದು ಬರುತ್ತಿತ್ತು.

ಟ್ಯಾಂಕರಿನ ನೀರು ಹೊರಗಿನದು. ಅದನ್ನು ಕುಡಿದವರಿಗೆ ಅವರವರ ಕನಸು ಅವರವರಿಗೆ ಬೀಳತೊಡಗಿತು. ಕಮಾನು ಬಾವಿಯವರು ಮೊದಲ ಬಾರಿಗೆ ಕನಸನ್ನು ಬಾಯಲ್ಲಿ ಹೇಳಲು ಕಲಿತರು. ಅದು ಅವರಿಗೆ ಬರುತ್ತಿರಲಿಲ್ಲ. "ಒಂದು ರಸ್ತೆ ಇತ್ತು, ಆಮೇಲೆ... ನೀನು ಇರಲಿಲ್ಲ ಬಿಡು" ಎಂದು ಗಂಡ ಅರ್ಧಕ್ಕೆ ನಿಲ್ಲಿಸುತ್ತಿದ್ದ. ಹೆಂಡತಿ ಇಡೀ ದಿನ ಆ ರಸ್ತೆಯ ಬಗ್ಗೆ ಯೋಚಿಸುತ್ತಿದ್ದಳು. ಅವರಲ್ಲಿ ಅಂಚೆಯಣ್ಣನೊಬ್ಬನಿಗೆ ಮಾತ್ರ ಖುಷಿ. ಜೀವಮಾನದಲ್ಲಿ ಮೊದಲ ಬಾರಿಗೆ ತನ್ನದೇ ಅನ್ನುವ ಒಂದು ಕನಸು ಬಿತ್ತು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಏನು ಕನಸು ಎಂದು ಕೇಳಿದರೆ ಹೇಳಲಿಲ್ಲ.

ಪುರಸಭೆಯ ಅಧ್ಯಕ್ಷೆ ಕಮಲಾಕ್ಷಿ ಸಭೆ ಕರೆದರು. ಒಳ್ಳೆಯ ಹೆಂಗಸು, ಯಾವುದನ್ನೂ ಬಾಕಿ ಇಟ್ಟುಕೊಳ್ಳುವವರಲ್ಲ. ಬಾವಿಗೆ ಮಣ್ಣು ತುಂಬಿ ಮುಚ್ಚುವುದು, ಹದಿನಾರು ಮನೆಗಳನ್ನು ಉಳಿದ ಆರು ಬಾವಿಗಳಿಗೆ ಹಂಚುವುದು, ಇದು ಅವರ ಯೋಚನೆ. ಇಲ್ಲವಾದರೆ ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿದು ನೋಡುವುದು.

"ಬೇರೆ ಬಾವಿಯಲ್ಲಿ ರೇಣು ಇರಲ್ಲ" ಎಂದು ಅನಸಕ್ಕ ಸಭೆಯ ಹಿಂದಿನಿಂದ ಹೇಳಿದಳು.

ನಾನು ಎದ್ದು ನಾಲ್ಕು ತಿಂಗಳು ಸಮಯ ಕೇಳಿದೆ. ಯಾಕೆಂದರೆ ಆ ವಾರವೆಲ್ಲ ನನ್ನ ಮೇಜಿನ ಮೇಲೆ ಒಂದು ಸಂಗತಿ ನಡೆಯುತ್ತಿತ್ತು. ಬಾವಿಯ ತಳದಿಂದ ಎತ್ತಿದ ನೀರು ಸೀಸೆಯಲ್ಲಿ ತಿಳಿಯಾಗಿ ಇರುತ್ತಿತ್ತು. ಗಾಳಿಗೆ ತೆರೆದಿಟ್ಟರೆ ಮಧ್ಯಾಹ್ನದೊಳಗೆ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಕೆಂಪು ಮಣ್ಣಿನ ತುಕ್ಕನ್ನು ಕೆಳಗೆ ಯಾರೋ ಕರಗಿಸಿ ನೀರಿಗೆ ಬಿಡುತ್ತಿದ್ದರು. ತುಕ್ಕು ತಾನಾಗಿ ಕರಗುವುದಿಲ್ಲ. ಗಾಳಿ ಇಲ್ಲದ ಕಡೆ ಬದುಕುವ ಕೆಲವು ಸೂಕ್ಷ್ಮಜೀವಿಗಳು ಗಾಳಿಯ ಬದಲು ತುಕ್ಕನ್ನು ಉಸಿರಾಡುತ್ತವೆ. ಉಸಿರಾಡುತ್ತಾ ಏನನ್ನೋ ತಿನ್ನುತ್ತಿರಬೇಕಲ್ಲ. ಏನನ್ನು ತಿನ್ನುತ್ತಿವೆ ಎಂಬುದೇ ನನ್ನ ಪ್ರಶ್ನೆ. ಪೆಟ್ರೋಲನ್ನೇ ತಿನ್ನುತ್ತಿದ್ದರೆ ಮಣ್ಣು ತುಂಬುವುದೂ ಬೇಡ, ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ. ಅದು ಮೊದಲು ಕೊಲ್ಲುವುದು ಅವರನ್ನೇ.

"ಅಂಥವರು ಕೆಳಗೆ ಇದ್ದಾರೆ ಅಂತ ಖಾತ್ರಿ ಇದೆಯಾ?" ಕಮಲಾಕ್ಷಿ ಕೇಳಿದರು.

"ಯಾರೋ ಇದ್ದಾರೆ. ಯಾರು ಅಂತ ಗೊತ್ತಿಲ್ಲ. ಒಂದು ಹನಿಯಲ್ಲಿ ನೂರಾರು ಜಾತಿ ಇರುತ್ತೆ. ತಿನ್ನೋರು ಯಾರು, ಸುಮ್ಮನೆ ಕೂತಿರೋರು ಯಾರು ಅಂತ ನೋಡಿ ಹೇಳೋಕೆ ಆಗಲ್ಲ."

ಅವರು ಮಳೆಗಾಲದ ಆರಂಭದವರೆಗೆ ಎಂದು ಗಡುವು ಕೊಟ್ಟರು.

ತಿನ್ನುವವರನ್ನು ಗುರುತಿಸುವುದಕ್ಕೆ ಒಂದು ಉಪಾಯವಿದೆ. ಇಂಗಾಲದಲ್ಲಿ ಮಾಮೂಲಿಗಿಂತ ಒಂದು ಚೂರು ಭಾರವಾದ ಬಗೆಯೊಂದಿದೆ. ಆ ಭಾರದ ಇಂಗಾಲದಿಂದ ಮಾಡಿದ ಬೆಂಜೀನನ್ನು ಸಾಸಿವೆಗಿಂತ ಸಣ್ಣ ಮಣಿಗಳಿಗೆ ಹೀರಿಸಿ, ಮಣಿಗಳನ್ನು ತೂತಿನ ಡಬ್ಬಿಯಲ್ಲಿಟ್ಟು ನೀರಿನ ತಳಕ್ಕೆ ಇಳಿಬಿಡಬೇಕು. ತಿಂದವರ ಮೈ ಭಾರವಾಗುತ್ತದೆ. ಅವರೊಳಗಿನ ಡಿಎನ್‌ಎ ಎಂಬ ವಂಶದ ಎಳೆಯೂ ಭಾರವಾಗುತ್ತದೆ. ಮಣಿಗಳ ಮೇಲೆ ಕೂತವರನ್ನೆಲ್ಲ ತೆಗೆದು, ಎಳೆಗಳನ್ನು ಬಿಡಿಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಭಾರದವು ಕೆಳಗೆ ಇಳಿಯುತ್ತವೆ, ಹಗುರದವು ಮೇಲೆ ನಿಲ್ಲುತ್ತವೆ. ಕೆಳಗಿನವರ ಹೆಸರು ಓದಬೇಕು. ಮಣಿಗಳನ್ನು ದೂರದ ನಗರದ ಪ್ರಯೋಗಾಲಯದಿಂದ ತರಿಸಿದೆ. ಐದು ಡಬ್ಬಿಗಳನ್ನು ಬಲೆಯ ಬೀಗ ತೆಗೆದು ನೈಲಾನ್ ದಾರದಲ್ಲಿ ಇಳಿಸಿದೆ. ಎರಡು ತಿಂಗಳು ಬಿಡಬೇಕಿತ್ತು. ದಾರ ಹಿಡಿಯಲು ಅಣ್ಣ ಬಂದ. ನಾನು ಕರೆದಿರಲಿಲ್ಲ. ಬೇಡ ಅನ್ನಲೂ ಇಲ್ಲ.

ಒಂದೂವರೆ ತಿಂಗಳಾದಾಗ ಅನಸಕ್ಕನ ಮನೆಗೆ ಹೋಗಿದ್ದೆ. ಅವಳ ಹೊಲಿಗೆ ಹೇಗಿರುತ್ತಿತ್ತೆಂದರೆ ಇರುವೆ ಸಾಲು ಹೋದ ಹಾಗೆ. ಆವತ್ತು ತೊಡೆಯ ಮೇಲಿನ ಕೌದಿಯಲ್ಲಿ ಹೊಲಿಗೆಗಳು ಎಡಕ್ಕೂ ಬಲಕ್ಕೂ ವಾಲಿದ್ದವು. ಮುಖ ಬೂದಿಯ ಬಣ್ಣವಾಗಿತ್ತು. ಮೊಣಕೈಯಲ್ಲಿ ಎರಡು ನೀಲಿ ಕಲೆಗಳಿದ್ದವು, ಏಟು ಬಿದ್ದಂತೆ.

"ಬಿದ್ದೆಯಾ?"

"ಇಲ್ಲ. ತಾನಾಗಿ ಆಗಿದೆ."

ನನಗೆ ಅರ್ಥವಾಯಿತು. ಎದ್ದು ಅಡಿಗೆಮನೆಗೆ ಹೋಗಿ ನೋಡಿದೆ. ಒಲೆಯ ಹಿಂದೆ ಸಣ್ಣ ತಂಬಿಗೆ, ಅದರ ಕೊರಳಿಗೆ ಕೌದಿಯ ದಾರವನ್ನೇ ಹೆಣೆದು ಮಾಡಿದ ಉದ್ದನೆಯ ಹಗ್ಗ. ಬಲೆಯ ಕಣ್ಣಿನಲ್ಲಿ ತೂರುವಷ್ಟೇ ಸಣ್ಣ ತಂಬಿಗೆ. ಅದನ್ನು ತಂದು ಅವಳ ಮುಂದಿಟ್ಟೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಹದಿನಾರು ಮನೆಯವರೂ ಹೋಗೋದು ಬಿಟ್ಟರು ದಮಯಂತಿ. ಅಲ್ಲಿ ಈಗ ಅವಳೊಬ್ಬಳೇ. ಜಾರೋ ನೆಲ, ಕೆಮ್ಮು. ನಾನು ಹೋದಾಗ ಮೂಲೆಯಲ್ಲಿ ಗೋಡೆ ಹಿಡ್ಕೊಂಡು ನಿಂತಿರ್ತಾಳೆ. ಎಲ್ಲರೂ ಎಲ್ಲಿ ಅಂತ ಕೇಳ್ತಾಳೆ. ನಾನೂ ಬಿಟ್ಟರೆ?"

"ನೀನು ಸತ್ತುಹೋಗ್ತೀಯ."

"ಗೊತ್ತು."

ಹದಿನೈದು ವರ್ಷದಿಂದ ಯಾರ ಕನಸಿಗೂ ಹೋಗದವಳು ನಾನು, ಅವಳಿಗೆ ಏನು ಹೇಳಲಿ. ಕೊನೆಗೆ ಅವಳ ಕೈ ಹಿಡಿದು ಎಬ್ಬಿಸಿ ಕಚೇರಿಗೆ ಕರೆದುಕೊಂಡು ಬಂದೆ. ಯಾಕೆ ಕರೆತಂದೆ ಎಂದು ನನಗೂ ಸ್ಪಷ್ಟವಿರಲಿಲ್ಲ, ಒಂದು ಭರವಸೆಯನ್ನಾದರೂ ಕಣ್ಣಿಗೆ ತೋರಿಸೋಣ ಎಂದಿರಬೇಕು. ಬಾವಿಯ ತಳದ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದೆ. ಒಂದು ಕಣ್ಣು ಮುಚ್ಚಿಕೊಂಡು ನೋಡು ಅಂದೆ. ಅವಳಿಗೆ ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ತಲೆ ನಿಂತಿತು.

"ಜೀರಿಗೆ ಕಾಳು ಇದ್ದ ಹಾಗಿವೆ" ಅಂದಳು.

"ಜೀವ ಇರೋವು."

"ಓಡಾಡ್ತಿದ್ದಾರೆ." ಅವಳು ಮತ್ತೆ ಬಗ್ಗಿದಳು. "ಎಷ್ಟು ಜನ ಇದ್ದಾರೆ ಬಾವಿಯಲ್ಲಿ?"

"ಒಂದು ಚಮಚ ನೀರಿನಲ್ಲಿ ನಮ್ಮ ಊರಿನ ಜನಸಂಖ್ಯೆಗಿಂತ ಜಾಸ್ತಿ."

ಅವಳು ತುಂಬಾ ಹೊತ್ತು ನೋಡುತ್ತಲೇ ಇದ್ದಳು. ಕಿಟಕಿಯ ಬಿಸಿಲು ಅವಳ ಬೆನ್ನ ಮೇಲಿಂದ ಜರುಗಿ ಗೋಡೆಗೆ ಹೋಯಿತು. ಆಮೇಲೆ ಕಣ್ಣು ಎತ್ತದೆಯೇ ಕೇಳಿದಳು. "ಇವರೂ ಅದೇ ನೀರು ಕುಡಿಯೋರು ತಾನೆ?"

"ಅದರಲ್ಲೇ ಇರೋರು."

"ಹಾಗಾದರೆ ಇವರಿಗೂ ಅದೇ ಕನಸು ಬೀಳಬೇಕು."

ಇದಕ್ಕೆ ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಆದರೆ ನಮ್ಮೂರಿನ ನಿಯಮ ನನಗೆ ಗೊತ್ತು. ಒಂದು ಬಾವಿಯ ನೀರು ಕುಡಿಯುವವರಿಗೆಲ್ಲ ಒಂದೇ ಕನಸು. ಅದರಲ್ಲಿ ಮನುಷ್ಯರಿಗೆ ಎಂದು ಎಲ್ಲೂ ಇಲ್ಲ. "ಬೀಳಬೇಕು" ಅಂದೆ.

ಅನಸಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂದೇ ಕಡೆ ನೋಡಿದ್ದಕ್ಕೆ ಬಂದ ನೀರೋ ಏನೋ. "ಹಾಗಾದರೆ ಅವಳು ಒಬ್ಬಳೇ ಇಲ್ಲ" ಅಂದಳು. "ನನಗೆ ಕಾಣ್ತಿರಲಿಲ್ಲ ಅಷ್ಟೆ."

ಆವತ್ತಿನಿಂದ ಅವಳು ಬಾವಿಯ ನೀರು ಬಿಟ್ಟಳು. ತಂಬಿಗೆಯನ್ನು ಹಗ್ಗದ ಸಮೇತ ನನ್ನ ಮೇಜಿನ ಮೇಲಿಟ್ಟು ಹೋದಳು. ಡಾಕ್ಟರು ರಕ್ತ ನೋಡಿ, ಇನ್ನೊಂದು ತಿಂಗಳು ಕುಡಿದಿದ್ದರೆ ಕಷ್ಟವಿತ್ತು ಎಂದರು. ತಿಂಗಳುಗಟ್ಟಲೆ ಗುಳಿಗೆ ನುಂಗಿದಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಕಚೇರಿಗೆ ಬಂದು ಒಂದು ಹನಿ ನೋಡಿ ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿರುವ ಮಗುವನ್ನು ಕಿಟಕಿಯಿಂದ ನೋಡಿ ಹೋಗುವವರ ಹಾಗೆ. ಕೆಲವೊಮ್ಮೆ ನನಗೆ ಕೇಳಿಸದಂತೆ ಅವರೊಂದಿಗೆ ಏನೋ ಮಾತಾಡುತ್ತಿದ್ದಳು.

ಎರಡು ತಿಂಗಳು ತುಂಬಿದ ದಿನ ಡಬ್ಬಿಗಳನ್ನು ಎತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಮಡಿಲಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ನಗರಕ್ಕೆ ಹೋದೆ. ಪ್ರಯೋಗಾಲಯದಲ್ಲಿ ಯಂತ್ರ ಎರಡು ಹಗಲು ಎರಡು ರಾತ್ರಿ ನಿಲ್ಲದೆ ತಿರುಗಿತು. ನಾನು ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದೆ. ಅದರ ಸದ್ದು ದೂರದಲ್ಲಿ ಯಾರೋ ಬೀಸುವ ಕಲ್ಲು ತಿರುಗಿಸುತ್ತಾ ಹಾಡಿಕೊಂಡ ಹಾಗಿತ್ತು. ನಿಂತಾಗ ಬೆರಳಷ್ಟು ಕೊಳವೆಯನ್ನು ಬೆಳಕಿಗೆ ಹಿಡಿದೆವು. ಎರಡು ಗೆರೆ. ಮೇಲೆ ಒಂದು ದಪ್ಪ ಗೆರೆ, ಸುಮ್ಮನೆ ಕೂತವರದು. ಅದರಿಂದ ಒಂದು ಬೆರಳು ಕೆಳಗೆ, ತೆಳ್ಳಗೆ, ಕೂದಲೆಳೆಯಷ್ಟು, ಇನ್ನೊಂದು. ಯಾರೋ ತಿಂದಿದ್ದರು. ಆ ಎಳೆಯನ್ನು ಓದಿದಾಗ ಬಂದ ಹೆಸರು ಉದ್ದದ್ದು, ಬಾಯಿ ತಿರುಗದ್ದು. ತುಕ್ಕು ಉಸಿರಾಡುವ ಕುಲದವರೇ. ನಮ್ಮ ದಿಬ್ಬದ ಕೆಂಪು ಮಣ್ಣಿನಲ್ಲಿ ಊರು ಹುಟ್ಟುವ ಮೊದಲಿನಿಂದ ಇದ್ದವರು. ಯಾರೂ ಕರೆಯದೆ ಎದ್ದು ಬಂದು, ಅಣ್ಣ ಹನ್ನೊಂದು ತಿಂಗಳು ಮುಚ್ಚಿಟ್ಟದ್ದನ್ನು ಆಗಿನಿಂದಲೂ ತಿನ್ನುತ್ತಿದ್ದರು. ಆದರೆ ಅವರು ಕೆಲವರೇ. ಸುತ್ತಲಿನ ತುಕ್ಕು ಖರ್ಚಾಗುತ್ತಾ ಬಂದಿತ್ತು. ಅವರಿಗೆ ಉಸಿರು ಕಟ್ಟುತ್ತಿತ್ತು.

ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಕಮಲಾಕ್ಷಿ ನನ್ನ ಕಾಗದಗಳನ್ನು ಎರಡು ಸಲ ಓದಿದರು. "ಏನು ಮಾಡಬೇಕು ಹೇಳಿ" ಅಂದರು.

"ತುಕ್ಕು ಕೊಡಬೇಕು."

"ಎಷ್ಟು?"

"ಸಿಕ್ಕಷ್ಟು."

ಬಂಕಿನಿಂದ ಬಾವಿಯವರೆಗೆ ದಿಬ್ಬದಲ್ಲಿ ಇಪ್ಪತ್ತು ಕಡೆ ಕಿರಿದಾದ ಕೊಳವೆ ಕೊರೆಸಿದೆವು. ತುಕ್ಕನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಅದರೊಳಗೆ ಇಳಿಸಬೇಕು. ಪುಡಿ ಮಾಡುವ ಕೆಲಸಕ್ಕೆ ಅಣ್ಣ ಬಂದು ಕೂತ. ದಿಬ್ಬದ ಮೇಲೆ ಒರಳುಕಲ್ಲು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೆಳಗಿನಿಂದ ಸಂಜೆಯವರೆಗೆ. ಅವನ ಕೈ, ರೆಪ್ಪೆ, ಕಿವಿ ಎಲ್ಲ ಕೆಂಪಾಯಿತು. ಮೊದಲ ವಾರ ಯಾರೂ ಅವನ ಹತ್ತಿರ ಹೋಗಲಿಲ್ಲ. ಎರಡನೇ ವಾರ ಪಂಪಣ್ಣ ಮೇಷ್ಟ್ರು ಮುರಿದ ಛತ್ರಿಯ ಕಡ್ಡಿಗಳನ್ನು ತಂದು ಅವನ ಪಕ್ಕದಲ್ಲಿಟ್ಟು ಹೋದರು. ಆಮೇಲೆ ಹದಿನಾರು ಮನೆಯವರೂ ತರತೊಡಗಿದರು. ಬಾಗಿಲ ತಿರುಗಣಿ, ತೂತುಬಿದ್ದ ಬಾಣಲೆ, ಸೈಕಲ್ ಚೈನು, ಕೈತಪ್ಪಿ ತೋಟಕ್ಕೆ ಬಿದ್ದು ಹತ್ತು ವರ್ಷ ಮಣ್ಣಿನಲ್ಲಿದ್ದ ಕುಡುಗೋಲು. ಬೇರೆ ಬಾವಿಯವರೂ ತಂದರು. ಊರಿನಲ್ಲಿ ಅಷ್ಟು ತುಕ್ಕು ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಒಂದು ಮಧ್ಯಾಹ್ನ ನೀಲಮ್ಮ ಅಣ್ಣನಿಗೆ ಬುತ್ತಿ ತಂದಳು. ಇಟ್ಟು ಹೋಗಲಿಲ್ಲ. ಅವನು ಉಣ್ಣುವವರೆಗೆ ಪಕ್ಕದ ಕಲ್ಲಿನ ಮೇಲೆ ಬೇರೆ ಕಡೆ ಮುಖ ಮಾಡಿ ಕೂತಿದ್ದಳು.

ಮಳೆಗಾಲ ಹೋಯಿತು, ಚಳಿ ಹೋಯಿತು. ಯಂತ್ರದ ಗೆರೆ ಮೊದಲು ಕುಗ್ಗಿತು, ಆಮೇಲೆ ಕುಳಿತಿತು, ಇನ್ನೊಂದು ಬೇಸಿಗೆಯ ಕೊನೆಗೆ ಮಲಗಿತು. ಮೂರು ತಿಂಗಳು ಕಾದು, ಹನ್ನೆರಡು ಸಲ ಪರೀಕ್ಷಿಸಿ, ಕರಗಿದ ಕಬ್ಬಿಣವೂ ಕಡಿಮೆಯಾದ ಮೇಲೆ ಬಲೆಯ ಬೀಗ ತೆಗೆದೆ. ಅಷ್ಟು ಹೊತ್ತಿಗೆ ಎರಡು ವರ್ಷ ಹತ್ತಿರವಾಗಿತ್ತು. ರೇಣು ಇದ್ದರೆ ಈಗ ಹದಿನೇಳು. ಅವಳು ಇದ್ದಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬಾವಿಕಟ್ಟೆಯ ಸುತ್ತ ಹದಿನಾರು ಮನೆಯವರು ನಿಂತಿದ್ದರು. ಮೊದಲ ಲೋಟ ಅಣ್ಣ ತೆಗೆದುಕೊಂಡ. "ನನ್ನನ್ನು ನೋಡಬೇಕಾದವರು ಇವತ್ತು ನೋಡಲಿ" ಎಂದು ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ ಹೇಳಿ ಕುಡಿದ. ಆಮೇಲೆ ಅನಸಕ್ಕ. ಆಮೇಲೆ ಎಲ್ಲರೂ. ನಾನು ಕುಡಿಯಲಿಲ್ಲ, ನಿಯಮ ನಿಯಮವೇ.

ಮರುದಿನ ಬೆಳಗ್ಗೆ ನಾನು ನೀರಿನ ಮಾದರಿ ತೆಗೆಯಲು ಬಾವಿಗೆ ಹೋದಾಗ ಬಿಸಿಲು ಬಂದಿತ್ತು. ಕೊಡಗಳು ಇದ್ದವು, ಜನ ಇದ್ದರು, ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವಿಲ್ಲದ ಹಳೆಯ ಮೌನ ಮರಳಿ ಬಂದಿತ್ತು. ಮೇಷ್ಟ್ರು ಅಣ್ಣನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅಣ್ಣ ಅತ್ತು ಮುಗಿಸಿದವನ ಹಾಗೆ ಕಾಣುತ್ತಿದ್ದ. ನಾನೊಬ್ಬಳೇ ಕೇಳಬೇಕಾದವಳು. ಅನಸಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಹತ್ತಿರ ಹೋಗಿ ಕೂತೆ.

"ಬಂದಿದ್ದಳಾ?"

"ಇದ್ದಳು" ಅಂದಳು. "ಒಂದು ಮನೆ ಮಾಡಿದ್ದಾಳೆ. ಕೆಂಪು ಮಣ್ಣಿನ ಗೋಡೆ. ಒಳಗೆ ಕಾಲಿಡೋಕೆ ಜಾಗ ಇಲ್ಲ, ಅಷ್ಟು ಜನ. ಅವರ ಮುಖ ನನಗೆ ಗೊತ್ತಾಗಲಿಲ್ಲ, ತುಂಬಾ ಸಣ್ಣಗಿದ್ದಾರೆ. ಎಲ್ಲರಿಗೂ ಬಡಿಸ್ತಾ ಇದ್ದಳು. ಕೆಮ್ಮು ಇಲ್ಲ. ನನಗಿಂತ ಎತ್ತರ ಆಗಿದ್ದಾಳೆ. ನಾನು ಬಾಗಿಲಲ್ಲಿ ನಿಂತಿದ್ದೆ. ನೋಡಿದಳು. ಗುರುತು ಸಿಗಲಿಲ್ಲ ಮೊದಲು."

"ಆಮೇಲೆ?"

"ಆಮೇಲೆ ಕೈ ಒರೆಸಿಕೊಂಡು ಬಂದಳು. ಯಾವಾಗ ಬಂದೆ ಅವ್ವ, ಅಂದಳು. ತವರಿಂದ ಯಾರಾದರೂ ಬಂದಾಗ ಕೇಳ್ತೀವಲ್ಲ, ಹಾಗೆ. ಮೂಲೆಯಲ್ಲಿ ಒಂದು ಚಾಪೆ ಹಾಸಿಕೊಟ್ಟಳು. ಕೂತ್ಕೋ, ಇವರದ್ದೆಲ್ಲ ಊಟ ಆಗಲಿ, ಬರ್ತೀನಿ ಅಂದಳು."

ಅವಳ ದನಿಯಲ್ಲಿ ನೋವಿತ್ತೋ ಹೆಮ್ಮೆಯಿತ್ತೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. "ಬಂದಳಾ ಮತ್ತೆ?" ಎಂದು ಕೇಳಿದೆ.

"ಅಷ್ಟರಲ್ಲಿ ಬೆಳಗಾಯ್ತು." ಅನಸಕ್ಕ ಎದ್ದು ಕೊಡವನ್ನು ನೀರಿಗೆ ಬಗ್ಗಿಸಿದಳು. ಅದು ತುಂಬುವಾಗ ಬುಳಬುಳನೆ ಸದ್ದಾಯಿತು. ಸೊಂಟಕ್ಕೆ ಏರಿಸಿಕೊಂಡು ಎರಡು ಮೆಟ್ಟಿಲು ಹತ್ತಿ, ತಿರುಗಿ ನನ್ನನ್ನು ನೋಡಿದಳು. "ಹೊರಡೋವಾಗ ಹಿಂದಿನಿಂದ ಕೂಗಿ ಹೇಳಿದಳು. ನಾಳೆ ಸ್ವಲ್ಪ ಬೇಗ ಬಾ, ಬಡಿಸೋಕೆ ಒಂದು ಕೈ ಬೇಕು ಅಂತ."